ಮನೆಯೊಳಗೆ ಡೀಸೆಲ್ ಹೀಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಡೀಸೆಲ್ ಹೀಟರ್‌ಗಳು ಮೊದಲು ಲಾರಿ, ದೋಣಿ, ಕ್ಯಾಂಪರ್ ವ್ಯಾನುಗಳಿಗಾಗಿ ತಯಾರಾದವು. ಈಗ ಜನ ಅವನ್ನು ಶೆಡ್ಡು, ವರ್ಕ್‌ಶಾಪು, ಗ್ಯಾರೇಜು, ಮನೆಯ ಕೋಣೆಗಳಿಗೂ ಹಾಕಿಕೊಳ್ಳುತ್ತಿದ್ದಾರೆ. ಸ್ವಲ್ಪ ಇಂಧನದಲ್ಲಿ ಚೆನ್ನಾಗಿ ಬಿಸಿ ಕೊಡುತ್ತವೆ, ನಿಜ. ಆದರೆ ಒಳಗೆ ಉರಿಯುವುದು ಬೆಂಕಿ. ಅದರ ಹೊಗೆ ನೀವು ಉಸಿರಾಡುವ ಗಾಳಿಗೆ ಸೇರಬಾರದು. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನ ಸುತ್ತಲೇ ಇವೆ.

ಡೀಸೆಲ್ ಹೀಟರನ್ನು ಮನೆಯೊಳಗೆ ಬಳಸಬಹುದಾ?

ಯಾವ ಹೀಟರ್ ಅನ್ನೋದರ ಮೇಲೆ ಉತ್ತರ ನಿಂತಿದೆ. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಬಿಡುವ ಹೀಟರ್ ಆಗಿದ್ದರೆ, ಸರಿಯಾಗಿ ಜೋಡಿಸಿದ್ದರೆ, ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದ್ದರೆ, ಬಳಸಬಹುದು. ಹೊಗೆ ಕೊಳವೆಯೇ ಇಲ್ಲದ ಹೀಟರ್ ಆಗಿದ್ದರೆ ಬೇಡ. ವಾಸದ ಮನೆಯಲ್ಲಂತೂ ಬೇಡವೇ ಬೇಡ.

ನನ್ನ ಹೀಟರ್ ಯಾವ ಜಾತಿಯದು ಅಂತ ಹೇಗೆ ತಿಳಿಯುವುದು?

ಹೊಗೆ ಹೊರಹೋಗುವ ಲೋಹದ ಕೊಳವೆ ಇದೆಯಾ ನೋಡಿ. ಇದ್ದರೆ ಅದು ಮುಚ್ಚಿದ ಬರ್ನರ್ ಇರುವ ಹೀಟರ್. ಅದರಲ್ಲಿ ಎರಡು ಗಾಳಿ ಬೇರೆ ಬೇರೆಯಾಗಿ ಓಡಾಡುತ್ತವೆ. ಒಂದು ಗಾಳಿ ಬೆಂಕಿಗೆ. ಅದು ಹೊರಗಿನಿಂದ ಬಂದು, ಡೀಸೆಲ್ ಜೊತೆ ಉರಿದು, ಹೊಗೆಯಾಗಿ ಹೊರಗೇ ಹೋಗುತ್ತದೆ. ಇನ್ನೊಂದು ಗಾಳಿ ಕೋಣೆಗೆ. ಅದು ಬಿಸಿಯಾದ ಅಲ್ಯೂಮಿನಿಯಂ ಕವಚದ ಹೊರಮೈ ಸವರಿಕೊಂಡು ಬಂದು ನಿಮ್ಮನ್ನು ಬೆಚ್ಚಗಿಡುತ್ತದೆ. ಈ ಎರಡರ ನಡುವೆ ಇರುವುದು ಆ ಕವಚ ಮತ್ತು ಒಂದೆರಡು ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ತೆಳು ಹಾಳೆ), ಅಷ್ಟೇ.

ಉದ್ದನೆಯ ಕೊಳವೆಯಂತಿದ್ದು, ಒಂದು ತುದಿಯಲ್ಲಿ ಫ್ಯಾನ್, ಇನ್ನೊಂದು ತುದಿಯಲ್ಲಿ ಕೆಂಪಗೆ ಉರಿ ಕಾಣುತ್ತಿದ್ದರೆ ಅದು ಟಾರ್ಪಿಡೊ ಹೀಟರ್. ಕಟ್ಟಡ ಕೆಲಸದ ಜಾಗಗಳಲ್ಲಿ ನೋಡಿರುತ್ತೀರಿ. ಇದರಲ್ಲಿ ಬೆಂಕಿ, ಹೊಗೆ, ಬಿಸಿ ಗಾಳಿ ಎಲ್ಲ ಒಂದೇ ಬಾಯಿಯಿಂದ ಹೊರಬರುತ್ತವೆ. ಟಾರ್ಪಿಡೊ ಆಕಾರದಲ್ಲೇ ಚಿಮಣಿ ಇರುವ ಮಾದರಿಗಳೂ ಇವೆ. ಹಾಗಾಗಿ ಆಕಾರ ನೋಡಿ ತೀರ್ಮಾನ ಮಾಡಬೇಡಿ, ಹೊಗೆಯ ದಾರಿ ಹುಡುಕಿ.

ಟಾರ್ಪಿಡೊ ಹೀಟರ್ ಉರಿಯುವಾಗ ಹೊಗೆಯೇ ಕಾಣುವುದಿಲ್ಲ. ಆದರೂ ಬೇಡವಾ?

ಬೇಡ. ಕಣ್ಣಿಗೆ ಕಾಣುವುದು ಮಸಿ ಮಾತ್ರ. ಡೀಸೆಲ್ ಎಷ್ಟೇ ಚೆನ್ನಾಗಿ ಉರಿದರೂ ಒಂದು ಲೀಟರಿಗೆ ಸುಮಾರು 2.6 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಬರುತ್ತದೆ. ಅದಷ್ಟೂ ಕೋಣೆಗೇ. ಜೊತೆಗೆ ನೈಟ್ರೋಜನ್ ಆಕ್ಸೈಡುಗಳು, ಬಹಳ ಸಣ್ಣ ಕಣಗಳು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಇಳಿಯುತ್ತಾ ಹೋದಂತೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಆಗ ಕಾರ್ಬನ್ ಮೊನಾಕ್ಸೈಡ್ ಬೇಗ ಏರುತ್ತದೆ. ಅಂದರೆ ಮೊದಲ ಹತ್ತು ನಿಮಿಷ ಸರಿಯಾಗಿದ್ದ ಹೀಟರ್ ಒಂದು ಗಂಟೆ ಕಳೆದ ಮೇಲೂ ಹಾಗೇ ಇರುತ್ತದೆ ಅನ್ನುವ ಖಾತರಿ ಇಲ್ಲ.

ಎರಡೂ ಕಡೆ ದೊಡ್ಡ ಬಾಗಿಲು ತೆರೆದಿರುವ ಗೋದಾಮು, ಗೋಡೆ ಏಳುತ್ತಿರುವ ಕಟ್ಟಡ, ಇಂಥ ಕಡೆ ಅದಕ್ಕೆ ಜಾಗ. ಅಲ್ಲಿಯೂ ಎಷ್ಟು ಕಿಂಡಿ ತೆರೆದಿರಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತದೆ, ಅಷ್ಟು ತೆರೆದಿರಲೇಬೇಕು.

ಕಾರ್ಬನ್ ಮೊನಾಕ್ಸೈಡ್‌ಗೆ ಇಷ್ಟು ಭಯ ಯಾಕೆ?

ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಿರುತ್ತದೆ, ಮೈಗೆ ಆಮ್ಲಜನಕ ಮಾತ್ರ ಸಿಗುವುದಿಲ್ಲ. ಮೊದಲು ಏಟು ಬೀಳುವುದು ಮಿದುಳಿಗೂ ಹೃದಯಕ್ಕೂ. ಮಿದುಳು ಮಂಕಾದ ಮೇಲೆ "ಎದ್ದು ಹೊರಗೆ ಹೋಗಬೇಕು" ಅನ್ನುವುದೂ ಹೊಳೆಯುವುದಿಲ್ಲ. ಮಲಗಿದ್ದವರಿಗೆ ಎಚ್ಚರವೇ ಆಗದಿರಬಹುದು.

ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಹೃದಯದ ತೊಂದರೆ ಇರುವವರಿಗೆ ಅಪಾಯ ಇನ್ನೂ ಜಾಸ್ತಿ.

ಹೊಗೆ ಸೋರಿದರೆ ಡೀಸೆಲ್ ವಾಸನೆ ಬರುತ್ತದೆ ಅಲ್ವಾ? ಅದರಿಂದಲೇ ಗೊತ್ತಾಗುವುದಿಲ್ಲವಾ?

ವಾಸನೆ ಬಂದರೆ ಖಂಡಿತ ಹೀಟರ್ ಆರಿಸಿ, ಕಾರಣ ಹುಡುಕಿ. ಆದರೆ ವಾಸನೆ ಬರಲಿಲ್ಲ ಅಂತ ಧೈರ್ಯವಾಗಿ ಇರಬೇಡಿ. ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿಹೋಗುತ್ತದೆ. ನಿದ್ದೆಯಲ್ಲಿ ಮೂಗನ್ನು ನಂಬುವ ಹಾಗೇ ಇಲ್ಲ. ಮೇಲಾಗಿ, ಬರುವ ವಾಸನೆ ಅರ್ಧಂಬರ್ಧ ಉರಿದ ಡೀಸೆಲ್‌ನದು. ಕಾರ್ಬನ್ ಮೊನಾಕ್ಸೈಡ್‌ಗೆ ತನ್ನದೇ ವಾಸನೆ ಇಲ್ಲ.

ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕಾ?

ಕೊಳವೆ ಸರಿಯಾಗಿರುವ ಹೀಟರಿಗೆ ಅದು ಒಳ್ಳೆಯ ಅಭ್ಯಾಸ. ಸೋರುವ ಹೀಟರಿಗೆ ಅದು ಪರಿಹಾರವಲ್ಲ. ಗಾಳಿ ಯಾವ ಕಡೆ ಬೀಸುತ್ತದೆ ಅನ್ನೋದರ ಮೇಲೆ ಕಿಟಕಿ ಹೊಗೆಯನ್ನು ಹೊರಗೂ ಕಳಿಸಬಹುದು, ಒಳಗೂ ಎಳೆಯಬಹುದು. ಹೊಗೆ ಕೊಳವೆಯ ಬಾಯಿ ಅದೇ ಕಿಟಕಿಯ ಕೆಳಗಿದ್ದರೆ ತೆರೆದ ಕಿಟಕಿಯೇ ಅಪಾಯ.

ಎಂಥ ಅಲಾರಂ ತರಬೇಕು? ಎಲ್ಲಿ ಹಾಕಬೇಕು?

ಹೊಗೆ ಅಲಾರಂ ಬೇರೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ. ಎರಡೂ ಬೇಕು. ಇಎನ್ 50291 ಅಥವಾ ಯುಎಲ್ 2034 ಅನ್ನುವ ಮಾನದಂಡದ ಗುರುತು ಇರುವುದನ್ನೇ ಕೊಳ್ಳಿ. ಇಎನ್ ಮಾನದಂಡದಲ್ಲಿ ಮನೆಗೆ ಮೊದಲ ಭಾಗ, ಕ್ಯಾಂಪರ್ ಮತ್ತು ದೋಣಿಗಳಿಗೆ ಎರಡನೇ ಭಾಗ.

ಅಲಾರಂ ಯಾವಾಗ ಕೂಗುತ್ತದೆ ಅಂತ ತಿಳಿದಿರಲಿ. ಇಎನ್ 50291 ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದೊಳಗೆ, 100 ಪಿಪಿಎಂ ಇದ್ದರೆ 10ರಿಂದ 40 ನಿಮಿಷದೊಳಗೆ, 300 ಪಿಪಿಎಂ ಆದರೆ 3 ನಿಮಿಷದೊಳಗೆ ಕೂಗಬೇಕು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದರ ಪಾಲು ಎಷ್ಟು ಅನ್ನುವ ಲೆಕ್ಕ. ಮಟ್ಟ ಕಡಿಮೆ ಇದ್ದಾಗ ಅದು ಸುಮ್ನೆ ಇರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ 8 ಗಂಟೆಯ ಸರಾಸರಿಗೆ ಹೇಳಿರುವ ಮಿತಿ ಸುಮಾರು 9 ಪಿಪಿಎಂ ಮಾತ್ರ. ಅದಕ್ಕೇ ನಾನು ಅಂಕಿ ತೋರಿಸುವ ಪರದೆ ಇರುವ ಅಲಾರಂ ತನ್ನಿ ಅನ್ನುತ್ತೇನೆ. ಹೀಟರ್ ಹಾಕಿದಾಗಲೆಲ್ಲ ಅಂಕಿ ಸೊನ್ನೆಯಿಂದ ಮೇಲೇಳುತ್ತಿದ್ದರೆ, ಅಲಾರಂ ಕೂಗುವ ಮೊದಲೇ ನಿಮಗೆ ವಿಷಯ ತಿಳಿಯುತ್ತದೆ.

ಈ ಅನಿಲ ಗಾಳಿಗಿಂತ ಕೂದಲೆಳೆಯಷ್ಟು ಹಗುರ, ಕೋಣೆ ತುಂಬ ಬೆರೆಯುತ್ತದೆ. ನೆಲಕ್ಕೆ ಇಳಿಯುತ್ತದೆ ಅನ್ನುವುದು ತಪ್ಪು. ಹೀಟರ್ ಇರುವ ಕೋಣೆಯಲ್ಲಿ ಅದರಿಂದ 1ರಿಂದ 3 ಮೀಟರ್ ದೂರದಲ್ಲಿ ಒಂದು, ಮಲಗುವ ಕೋಣೆಯಲ್ಲಿ ತಲೆ ಇಡುವ ಎತ್ತರದಲ್ಲಿ ಒಂದು ಇರಲಿ. ಕಿಟಕಿ ಪರದೆಯ ಹಿಂದೆ, ಕಪಾಟಿನೊಳಗೆ, ಬಿಸಿ ಗಾಳಿ ನೇರ ಬಡಿಯುವಲ್ಲಿ ಹಾಕಬೇಡಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ. ಒಳಗಿನ ಸೆನ್ಸರ್‌ಗೂ ಆಯಸ್ಸಿದೆ. ಅವಧಿ ಮುಗಿಯುವ ದಿನಾಂಕ ಹಿಂಬದಿಯಲ್ಲಿ ಇರುತ್ತದೆ. ಅದು ದಾಟಿದ ಮೇಲೆ ಗುಂಡಿ ಒತ್ತಿದಾಗ ಸದ್ದು ಬಂದರೂ ಅನಿಲ ಹಿಡಿಯದಿರಬಹುದು.

ಎಲ್ಲವೂ ಒಂದೇ ಡಬ್ಬಿಯಲ್ಲಿ ಇರುವ ಪೋರ್ಟಬಲ್ ಹೀಟರ್ ತಂದಿದ್ದೇನೆ. ಎಲ್ಲಿ ಇಡಲಿ?

ಜನ ಹೆಚ್ಚು ಎಡವುವುದು ಇಲ್ಲೇ. ಹಿಡಿ ಇರುವ ಡಬ್ಬಿ, ಒಳಗೇ ಟ್ಯಾಂಕು, ಪಂಪು. ನೋಡಿದರೆ ಎತ್ತಿಕೊಂಡು ಹೋಗಿ ಕೋಣೆ ಮಧ್ಯೆ ಇಟ್ಟುಬಿಡೋಣ ಅನ್ನಿಸುತ್ತದೆ. ಆದರೆ ಅದರ ಹೊಗೆ ಕೊಳವೆ ಡಬ್ಬಿಯ ಅಡಿಯಿಂದಲೋ ಪಕ್ಕದಿಂದಲೋ ಹೊರಬರುತ್ತದೆ. ಕೋಣೆಯ ಗಾಳಿ ಎಳೆಯುವ ಫ್ಯಾನ್ ಅದೇ ಡಬ್ಬಿಯ ಹಿಂಬದಿಯಲ್ಲಿ ಇರುತ್ತದೆ. ಜೋಡಣೆಯಲ್ಲಿ ಒಂದು ಕಡೆ ಸೋರಿದರೂ ಆ ಫ್ಯಾನ್ ಹೊಗೆಯನ್ನು ಎಳೆದು, ಬಿಸಿ ಗಾಳಿಯ ಜೊತೆ ಬೆರೆಸಿ, ನಿಮ್ಮ ಮುಖಕ್ಕೇ ಊದುತ್ತದೆ.

ನನ್ನ ಸಲಹೆ: ಡಬ್ಬಿಯನ್ನು ಮನೆಯ ಹೊರಗೆ ಇಡಿ, ಬಿಸಿ ಗಾಳಿಯ ಕೊಳವೆಯನ್ನು ಮಾತ್ರ ಒಳಗೆ ತನ್ನಿ. ಟ್ಯಾಂಕು, ಡೀಸೆಲ್ ವಾಸನೆ, ಹೊಗೆಯ ಜೋಡಣೆಗಳು, ಎಲ್ಲ ಹೊರಗೇ ಉಳಿಯುತ್ತವೆ. ಹೊರಗಿನ ತಣ್ಣನೆ ಗಾಳಿಯನ್ನು ಕಾಯಿಸಬೇಕಾದ್ದರಿಂದ ಇಂಧನ ಸ್ವಲ್ಪ ಜಾಸ್ತಿ ಹೋಗುತ್ತದೆ. ಕೋಣೆಯಿಂದಲೇ ಇನ್ನೊಂದು ಕೊಳವೆ ತಂದು ಹಿಂಬದಿಯ ಫ್ಯಾನಿಗೆ ಬಿಗಿಯಾಗಿ ಜೋಡಿಸಿದರೆ ಅದೂ ಉಳಿಯುತ್ತದೆ.

ಹೊರಗಿಟ್ಟರೂ ಒಂದು ಕೆಲಸ ಬಾಕಿ ಇದೆ. ಹೊಗೆಯ ಬಾಯಿಯನ್ನು ಹಿಂಬದಿಯ ಫ್ಯಾನಿನಿಂದ ದೂರ ಒಯ್ಯಬೇಕು, ಬೇರೆ ದಿಕ್ಕಿಗೆ ತಿರುಗಿಸಬೇಕು. ಗೋಡೆಯ ಮೂಲೆಯಲ್ಲಿ, ಪ್ಲಾಸ್ಟಿಕ್ ಶೀಟಿನ ಅಡಿಯಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಹೊಗೆ ಅಲ್ಲೇ ಸುತ್ತುತ್ತಾ ಫ್ಯಾನಿಗೆ ಸಿಗುತ್ತದೆ. ಡಬ್ಬಿ ಹೊರಗಿದ್ದರೂ ಮನೆಯೊಳಗೆ ಅಲಾರಂ ಬೇಕು ಅನ್ನುವುದು ಇದೇ ಕಾರಣಕ್ಕೆ.

ಗೋಡೆಗೆ ಕೂರಿಸುವ ಹೀಟರ್ ಆದರೆ ಹೊಗೆ ಕೊಳವೆ ಹೇಗೆ ಹಾಕಬೇಕು?

ಒಳಗೆ ಒಂದೂ ಜೋಡಣೆ ಇಲ್ಲದ ಹಾಗೆ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಹೀಟರಿನ ತಳವೇ ಗೋಡೆಗೆ ಅಥವಾ ನೆಲಕ್ಕೆ ಗ್ಯಾಸ್ಕೆಟ್ ಸಮೇತ ಕೂತು, ಹೊಗೆಯ ಕೊಳವೆ ಮತ್ತು ಬೆಂಕಿಗೆ ಗಾಳಿ ತರುವ ಕೊಳವೆ ಎರಡೂ ನೇರ ಹೊರಗೆ ಇಳಿಯಬೇಕು. ವಾಹನಗಳಲ್ಲಿ ಹಾಗೇ ಕೂರಿಸುವುದು. ಮನೆಗೆ ತಂದಾಗ ಜನ ಇದನ್ನು ಮರೆತು, ಕೋಣೆಯೊಳಗೆ ಎರಡು ಮೀಟರ್ ಕೊಳವೆ ಸುತ್ತಿಸುತ್ತಾರೆ.

ಕೊಳವೆ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಕ್ಲಾಂಪುಗಳು ಗಟ್ಟಿ ಲೋಹದವಾಗಿರಲಿ, ಜೋಡಣೆಗೆ ಎಕ್ಸಾಸ್ಟ್ ಪೇಸ್ಟ್ (ಹೊಗೆ ಕೊಳವೆಯ ಸಂದು ಮುಚ್ಚುವ, ಬಿಸಿ ತಡೆಯುವ ಪೇಸ್ಟ್) ಹಚ್ಚಿ. ಸಾಮಾನ್ಯ ಸಿಲಿಕೋನ್, ಟೇಪು ಆ ಬಿಸಿಗೆ ನಿಲ್ಲುವುದಿಲ್ಲ. ಸೈಲೆನ್ಸರನ್ನು ಒಳಗೆ ಇಡಲೇಬಾರದು. ಎಷ್ಟೋ ಸೈಲೆನ್ಸರ್‌ಗಳಲ್ಲಿ ನೀರು ಬಸಿಯಲು ಸಣ್ಣ ತೂತು ಇರುತ್ತದೆ, ಹೊಲಿಗೆಯೂ ಸಡಿಲ. ಅಲ್ಲಿಂದ ಹೊಗೆ ಬಂದೇ ಬರುತ್ತದೆ. ಕೊಳವೆ ಹೊರಗಡೆಗೆ ಇಳಿಜಾರಾಗಿರಲಿ. ಉರಿಯಿಂದ ಬರುವ ನೀರಾವಿ ತಣಿದು ತಗ್ಗಿನಲ್ಲಿ ನಿಂತರೆ ಹೊಗೆಯ ದಾರಿಯೇ ಮುಚ್ಚಿಹೋಗುತ್ತದೆ.

ಕೊಳವೆ ನೂರಾರು ಡಿಗ್ರಿ ಕಾಯುತ್ತದೆ. ಮರದ ಗೋಡೆ ದಾಟಿಸುವಲ್ಲಿ ಕೊಳವೆಯ ಸುತ್ತ ಲೋಹದ ಎರಡು ಪದರದ ಕವಚ ಹಾಕಿ, ನಡುವೆ ಅಂತರ ಬಿಡಿ. ಮರ ಮೊದಲ ದಿನವೇ ಹೊತ್ತಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಕಾದು ಕಾದು ಒಣಗಿ ಕಪ್ಪಾಗಿ, ಕಡಿಮೆ ಬಿಸಿಗೂ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಹೊರಗಿನ ಬಾಯಿ ಕಿಟಕಿ, ಬಾಗಿಲು, ಗಾಳಿಕಿಂಡಿಗಳಿಂದ ದೂರ ಇರಲಿ. ಹಿಮ, ಕೆಸರು, ಎಲೆ, ಕೀಟಗಳ ಗೂಡು ಅದನ್ನು ಮುಚ್ಚಬಾರದು. ಮಕ್ಕಳ ಕೈಗೆ ಸಿಗಬಾರದು.

ಉರಿಗೆ ಬೇಕಾದ ಗಾಳಿಯನ್ನು ಕೋಣೆಯೊಳಗಿನಿಂದಲೇ ತೆಗೆದುಕೊಂಡರೆ ಆಗದಾ?

ಹೊರಗಿನಿಂದಲೇ ತನ್ನಿ. ಒಳಗಿನ ಗಾಳಿ ಎಳೆಯುತ್ತಾ ಹೋದರೆ ಕೋಣೆಯಲ್ಲಿ ಒತ್ತಡ ಇಳಿಯುತ್ತದೆ, ಸಂದುಗಳಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಅದೇ ಮನೆಯಲ್ಲಿ ಸೌದೆ ಒಲೆಯೋ ಗ್ಯಾಸ್ ಬಾಯ್ಲರೋ ಇದ್ದರೆ ಅದರ ಚಿಮಣಿಯಿಂದ ಹೊಗೆ ವಾಪಸ್ ಬರಲೂಬಹುದು. ಹೊರಗೆ ಹೊಗೆಯ ಬಾಯಿ ಮತ್ತು ಗಾಳಿಯ ಬಾಯಿ ಅಕ್ಕಪಕ್ಕ ಇರಬಾರದು. ತನ್ನ ಹೊಗೆಯನ್ನೇ ಮತ್ತೆ ಎಳೆದುಕೊಂಡರೆ ಉರಿ ಪೂರ್ತಿಯಾಗದೆ ಮಸಿ ಕಟ್ಟುತ್ತದೆ.

ರಾತ್ರಿ ಹಾಕಿಕೊಂಡು ಮಲಗಬಹುದಾ?

ಲಾರಿ ಚಾಲಕರು ಮಲಗುವಾಗ ಬೆಚ್ಚಗಿರಲಿ ಅಂತಲೇ ಇವು ಬಂದವು. ಕೊಳವೆ ಸರಿಯಿದ್ದು, ಮಲಗುವ ಜಾಗದಲ್ಲಿ ಅಲಾರಂ ಕೆಲಸ ಮಾಡುತ್ತಿದ್ದರೆ ಮಲಗಬಹುದು. ಹೊಸದಾಗಿ ಜೋಡಿಸಿದ ಹೀಟರ್ ಆದರೆ ಮೊದಲು ಕೆಲವು ದಿನ ಹಗಲಲ್ಲಿ, ಎಚ್ಚರವಿದ್ದಾಗ ಓಡಿಸಿ, ಅಲಾರಂ ಪರದೆಯ ಅಂಕಿ ನೋಡುತ್ತಿರಿ. ಅಲಾರಂ ಇಲ್ಲದಿದ್ದರೆ ಒಂದು ರಾತ್ರಿಗೂ ಬೇಡ. ಚಳಿಗೆ ಇನ್ನೊಂದು ಕಂಬಳಿ ಹೊದೆಯಿರಿ.

ಎಷ್ಟು ದೊಡ್ಡ ಹೀಟರ್ ಬೇಕು?

ಸಣ್ಣ ಕೋಣೆಗೆ 2 ಕಿಲೋವ್ಯಾಟ್ ಸಾಮಾನ್ಯವಾಗಿ ಸಾಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಇದೆ. 2 ಕಿಲೋವ್ಯಾಟ್ ಹೀಟರ್ ಪೂರ್ತಿ ಓಡಿದರೆ ಗಂಟೆಗೆ ಕಾಲು ಲೀಟರ್ ಆಸುಪಾಸು ಕುಡಿಯುತ್ತದೆ. ದೊಡ್ಡದು ತಂದು ಸದಾ ಕಡಿಮೆಯಲ್ಲಿ ಓಡಿಸುವುದು ಒಳ್ಳೆಯದಲ್ಲ. ಕಡಿಮೆ ಬಿಸಿಯಲ್ಲಿ ಉರಿ ಪೂರ್ತಿಯಾಗದೆ ಮಸಿ ಜಾಸ್ತಿ ಕಟ್ಟುತ್ತದೆ.

ಸ್ವಿಚ್ ಆರಿಸಿದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಕರೆಂಟ್ ತೆಗೆದುಬಿಡಲಾ?

ಖಂಡಿತ ಬೇಡ. ಆರಿಸಿದ ಮೇಲೆ ಕೆಲವು ನಿಮಿಷ ಅದು ಉಳಿದ ಡೀಸೆಲ್ ಉರಿಸಿ, ಒಳಗಿನ ಬಿಸಿ ಹೊರಹಾಕುತ್ತದೆ. ನಡುವೆ ಕರೆಂಟ್ ಕಿತ್ತರೆ ಬಿಸಿ ಒಳಗೇ ಸಿಕ್ಕಿಕೊಂಡು ಪ್ಲಾಸ್ಟಿಕ್ ಭಾಗ, ಗ್ಯಾಸ್ಕೆಟ್, ಸೆನ್ಸರ್ ಹಾಳಾಗುತ್ತವೆ. ಗ್ಯಾಸ್ಕೆಟ್ ಹಾಳಾದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ: ಎರಡು ಗಾಳಿಯ ನಡುವಿನ ತಡೆಯೇ ಹೋಗುತ್ತದೆ.

ಇದೇ ಕಾರಣಕ್ಕೆ, ಕರೆಂಟ್ ಹೋಗಿ ಬರುವ ಕಡೆ 12 ವೋಲ್ಟ್ ಬ್ಯಾಟರಿಯಿಂದ ಓಡಿಸಿ, ಚಾರ್ಜರ್ ಅದಕ್ಕೆ ಹಾಕಿರಿ. ಹೊತ್ತಿಸುವಾಗ ಗ್ಲೋ ಪ್ಲಗ್ (ಕಾದು ಡೀಸೆಲ್ ಹೊತ್ತಿಸುವ ಭಾಗ) ಒಂದೇ ಸುಮಾರು 10 ಆಂಪಿಯರ್ ಎಳೆಯುತ್ತದೆ. ತೆಳು ವೈರು, ಸಣ್ಣ ಅಡಾಪ್ಟರ್ ಹಾಕಿದರೆ ವೋಲ್ಟೇಜ್ ಇಳಿದು ಹೀಟರ್ ಹೊತ್ತಿಕೊಳ್ಳುವುದಿಲ್ಲ, ವೈರು ಕಾಯುತ್ತದೆ. ಕೈಪಿಡಿ ಹೇಳಿದ ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕಿ.

ಯಾವ ಇಂಧನ ಹಾಕಬಹುದು? ಎಲ್ಲಿ ಇಡಬೇಕು?

ಶುದ್ಧ ಡೀಸೆಲ್. ಕೊರೆಯುವ ಚಳಿಯಲ್ಲಿ ಸಾಮಾನ್ಯ ಡೀಸೆಲ್ ಮೇಣದಂತೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಆಗ ಚಳಿಗಾಲದ ಡೀಸೆಲ್ ಬೇಕು. ಸೀಮೆಎಣ್ಣೆ, ಬಯೋಡೀಸೆಲ್ ಕೈಪಿಡಿ ಒಪ್ಪಿದರೆ ಮಾತ್ರ. ಬಳಸಿದ ಎಂಜಿನ್ ಆಯಿಲ್, ಅಡುಗೆ ಎಣ್ಣೆ ಬೇಡ. ಪೆಟ್ರೋಲ್ ಒಂದು ಹನಿಯೂ ಬೆರೆಯಬಾರದು. ಡೀಸೆಲ್ ಆವಿ ಹೊತ್ತಿಕೊಳ್ಳಲು ಡೀಸೆಲ್ ಸಾಕಷ್ಟು ಕಾಯಬೇಕು. ಪೆಟ್ರೋಲ್ ಆವಿಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯೂ ಸಾಕು, ಒಂದು ಕಿಡಿ ಸಿಕ್ಕರೆ ಮುಗಿಯಿತು.

ಟ್ಯಾಂಕ್ ಮತ್ತು ಕ್ಯಾನು ಹೊರಗೆ, ನೆರಳಲ್ಲಿ ಇರಲಿ. ತುಂಬುವಾಗ ಹೀಟರ್ ಆರಿ ತಣ್ಣಗಾಗಿರಬೇಕು. ಚೆಲ್ಲಿದ ಡೀಸೆಲ್ ಮೇಲೆ ಮರಳು ಹಾಕಿ ಹೀರಿಸಿ ತೆಗೆಯಿರಿ. ಒರೆಸದೆ ಹೀಟರ್ ಹೊತ್ತಿಸಬೇಡಿ.

ಗ್ಯಾರೇಜಿನಲ್ಲಿ ಹಾಕಬಹುದಾ?

ಅಲ್ಲಿ ಪೆಟ್ರೋಲ್, ಥಿನ್ನರ್, ಪೇಂಟ್ ಸ್ಪ್ರೇ, ಗ್ಯಾಸ್ ಸಿಲಿಂಡರ್ ಇದ್ದರೆ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ದೂರ ಹೋಗುತ್ತದೆ. ಹೀಟರನ್ನು ಹೊರಗಿಟ್ಟು ಬಿಸಿ ಗಾಳಿ ಮಾತ್ರ ತರುವ ಜೋಡಣೆ ಇಲ್ಲಿಗೆ ಹೆಚ್ಚು ಸರಿ.

ಬಟ್ಟೆ ಒಣಗಿಸಬಹುದಾ?

ಬಿಸಿ ಗಾಳಿಯ ಬಾಯಿಗೆ ಅಡ್ಡವಾಗಿ ಏನನ್ನೂ ಹಾಕಬೇಡಿ. ಗಾಳಿ ತಡೆದರೆ ಹೀಟರ್ ಮಿತಿಮೀರಿ ಕಾಯುತ್ತದೆ, ಬಟ್ಟೆಯೂ ಸುಡಬಹುದು. ದೂರದ ಹಗ್ಗದ ಮೇಲೆ ಹಾಕಿ.

ಬಿಳಿ ಹೊಗೆ ಬರುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮತ್ತೆ ಮತ್ತೆ ಸ್ವಿಚ್ ಒತ್ತಲಾ?

ಒತ್ತಬೇಡಿ. ಬಿಳಿ ಹೊಗೆ ಅಂದರೆ ಉರಿಯದ ಡೀಸೆಲ್ ಆವಿ. ಹೊತ್ತಿಕೊಳ್ಳುವ ಮೊದಲ ನಿಮಿಷಗಳಲ್ಲಿ ಸ್ವಲ್ಪ ಬರುವುದು ಸಹಜ. ಪ್ರತಿ ಸಲ ಒತ್ತಿದಾಗಲೂ ಹೀಟರಿನ ಉರಿ ಕೋಣೆಗೆ (ಡೀಸೆಲ್ ಉರಿಯುವ ಒಳಜಾಗಕ್ಕೆ) ಇನ್ನಷ್ಟು ಡೀಸೆಲ್ ಸುರಿದು ನಿಲ್ಲುತ್ತದೆ. ಕೊನೆಗೊಮ್ಮೆ ಹೊತ್ತಿದಾಗ ಅಷ್ಟೂ ಒಟ್ಟಿಗೆ ಧಗ್ಗೆಂದು ಉರಿಯುತ್ತದೆ. ಎರಡು ಸಲ ಸೋತರೆ ನಿಲ್ಲಿಸಿ, ವೋಲ್ಟೇಜ್, ಗ್ಲೋ ಪ್ಲಗ್, ಇಂಧನ ಕೊಳವೆಯಲ್ಲಿ ಗುಳ್ಳೆ ಇದೆಯಾ ಅಂತ ನೋಡಿಸಿ.

ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿಯಾಗಿದೆ. ಎತ್ತರದ ಬೆಟ್ಟದ ಊರುಗಳಲ್ಲಿ ಗಾಳಿ ತೆಳು, ಹಾಗಾಗಿ ಅಲ್ಲಿ ಇದು ಹೆಚ್ಚು. ಎತ್ತರಕ್ಕೆ ತಕ್ಕಂತೆ ಇಂಧನ ಇಳಿಸುವ ವ್ಯವಸ್ಥೆ ನಿಮ್ಮ ಹೀಟರಿನಲ್ಲಿ ಇದೆಯಾ ನೋಡಿ.

ನಿರ್ವಹಣೆ ಏನು ಮಾಡಬೇಕು?

ಆಗಾಗ ಅರ್ಧ ಗಂಟೆ ಪೂರ್ತಿ ಬಿಸಿಯಲ್ಲಿ ಓಡಿಸಿ, ಮಸಿ ಸುಟ್ಟುಹೋಗುತ್ತದೆ. ಚಳಿಗಾಲ ಶುರುವಾಗುವ ಮುಂಚೆ ಕೊಳವೆಯ ಇಡೀ ಉದ್ದವನ್ನು ಕಣ್ಣಿಟ್ಟು ನೋಡಿ. ಜೋಡಣೆಯ ಸುತ್ತ ಕಪ್ಪು ಗೆರೆ ಕಂಡರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ. ಉರಿ ಕೋಣೆ ಬಿಚ್ಚಿದಾಗಲೆಲ್ಲ ಹೊಸ ಗ್ಯಾಸ್ಕೆಟ್ ಹಾಕಿ, ಹಳೆಯದನ್ನೇ ಮತ್ತೆ ಕೂರಿಸಬೇಡಿ. ಕವಚದಲ್ಲಿ ಬಿರುಕು ಕಂಡರೆ ಆ ಹೀಟರನ್ನು ಬಳಸಬೇಡಿ.

ತಲೆನೋವು ಬಂದರೆ ಅದು ಇದರಿಂದಲೇ ಅಂತ ಹೇಗೆ ಗೊತ್ತು?

ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಮಂಕು. ಜ್ವರ ಮಾತ್ರ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ಹೀಗಾದರೆ, ಹೊರಗೆ ಹೋದಾಗ ಕಡಿಮೆಯಾಗಿ ಒಳಗೆ ಬಂದಾಗ ಮತ್ತೆ ಶುರುವಾದರೆ, ಸಾಕುಪ್ರಾಣಿಗಳೂ ತೂಕಡಿಸುತ್ತಿದ್ದರೆ, ಹೀಟರನ್ನೇ ಅನುಮಾನಿಸಿ.

ಅಲಾರಂ ಕೂಗಿದರೂ ಹೀಗಾದರೂ ಮೊದಲು ಎಲ್ಲರೂ ಹೊರಗೆ ಬನ್ನಿ. ಕೈಗೆ ಸಿಕ್ಕುವ ಹಾಗಿದ್ದರೆ ಹೀಟರ್ ಸ್ವಿಚ್ ಆರಿಸಿ, ದಾರಿಯ ಬಾಗಿಲು ತೆರೆದಿಡಿ, ಅದಕ್ಕಾಗಿ ನಿಲ್ಲಬೇಡಿ. ಹೊರಗೆ ಬಂದು ತುರ್ತು ಸೇವೆಗೆ ಫೋನ್ ಮಾಡಿ, ಕಾರ್ಬನ್ ಮೊನಾಕ್ಸೈಡ್ ಅನುಮಾನ ಅಂತ ಬಾಯಿಬಿಟ್ಟು ಹೇಳಿ. ಆಸ್ಪತ್ರೆಯಲ್ಲೂ ಹಾಗೇ ಹೇಳಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಇಂಥ ಹೊತ್ತಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹಿಡಿದದ್ದು ಅಂತಲೇ ಎಣಿಸಿ, ಒಳ್ಳೆಯ ಅಂಕಿ ತೋರಿಸುತ್ತದೆ. ರಕ್ತ ಪರೀಕ್ಷೆಯೇ ಬೇಕು.

ಸಾದಾ ಗಾಳಿಯಲ್ಲಿ ರಕ್ತದಲ್ಲಿರುವ ಈ ವಿಷ ಅರ್ಧಕ್ಕೆ ಇಳಿಯಲು ಸುಮಾರು 4ರಿಂದ 6 ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ಹೊರಗೆ ಬಂದು ಹುಷಾರಾದೆ ಅನ್ನಿಸಿದರೂ ವೈದ್ಯರಿಗೆ ತೋರಿಸಿ. ಮರೆವು, ಗಮನ ನಿಲ್ಲದಿರುವುದು ಇವೆಲ್ಲ ಕೆಲವು ದಿನ, ವಾರ ಬಿಟ್ಟು ಕಾಣಿಸಿಕೊಳ್ಳುವುದುಂಟು.

ಬೆಂಕಿ ಹೊತ್ತಿಕೊಂಡರೆ?

ನೀರು ಹಾಕಬೇಡಿ, ಉರಿಯುವ ಡೀಸೆಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಎಬಿಸಿ ಪುಡಿಯ ಅಗ್ನಿಶಾಮಕ ಡಬ್ಬಿ ಬಾಗಿಲ ಹತ್ತಿರ ಇರಲಿ, ಹೀಟರಿನ ಪಕ್ಕದಲ್ಲಿ ಬೇಡ. ಬೆಂಕಿ ಸಣ್ಣದಿದ್ದು ಹಿಂದೆ ಹೊರಹೋಗುವ ದಾರಿ ಇದ್ದರೆ ಮಾತ್ರ ಪ್ರಯತ್ನಿಸಿ.

ಇದನ್ನು ಮನೆಗೆ ಹಾಕಲು ಕಾನೂನಿನ ಒಪ್ಪಿಗೆ ಇದೆಯಾ?

ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಹೀಟರಿನ ಮೇಲೆ ವೃತ್ತದೊಳಗೆ ಇ ಅಕ್ಷರದ ಗುರುತು ಮತ್ತು ಆರ್122 ಅಂತ ಇದ್ದರೆ ಅದು ವಾಹನಗಳ ಹೀಟರಿಗೆ ಇರುವ ವಿಶ್ವಸಂಸ್ಥೆಯ 122ನೇ ನಿಯಮದ ಒಪ್ಪಿಗೆ. ಮನೆಗೆ ಹಾಕಲು ಅದು ಪರವಾನಗಿ ಆಗುವುದಿಲ್ಲ. ಕೊರೆಯುವ ಮೊದಲು ಸ್ಥಳೀಯ ಕಟ್ಟಡ ನಿಯಮ ಕೇಳಿ, ಮನೆಯ ವಿಮೆ ಇದ್ದರೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು.